ಯುಗಾದಿಗೆ ಮುನ್ನ ಕಿಟಕಿಯ ಕೆಲಸ

ಫಾಲ್ಗುಣ ಮುಗಿಯುವ ಹೊತ್ತಿಗೆ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಸೀಮೆಯ ಕನ್ನಡ ಮನೆಗಳಲ್ಲಿ ಎರಡು ಕೆಲಸಗಳು ಒಮ್ಮೆಗೇ ಬಂದು ನಿಲ್ಲುತ್ತವೆ. ಒಂದು, ಯುಗಾದಿಯ ಸಾರಣೆ-ಕಾರಣೆ. ಇನ್ನೊಂದು, ಮಕ್ಕಳ ಪರೀಕ್ಷೆ. ಹತ್ತನೆಯ ತರಗತಿಯ ಮಂಡಳಿ ಪರೀಕ್ಷೆಯ ಬೆನ್ನಿಗೇ ಕೆಳಗಿನ ತರಗತಿಗಳ ವಾರ್ಷಿಕ ಪರೀಕ್ಷೆಗಳು ಬರುತ್ತವೆ. ಹಬ್ಬವನ್ನೂ ಮುಂದೂಡಲಾಗದು, ಪರೀಕ್ಷೆಯನ್ನೂ ಮುಂದೂಡಲಾಗದು. ಇವೆರಡರ ನಡುವೆ ಬಾವಿಯ ನೀರು ತಳ ಹಿಡಿಯುತ್ತಿರುತ್ತದೆ, ನಗರದ ನಲ್ಲಿಗೆ ಕೆಲವು ದಿನಗಳಿಗೊಮ್ಮೆ ಮಾತ್ರ ನೀರು ಬರುತ್ತದೆ. ಆದಕಾರಣ ಮನೆಯ ಕಿಟಕಿ, ಪರದೆಗಳನ್ನು ಯಾರು, ಯಾವಾಗ, ಎಷ್ಟು ನೀರಿನಲ್ಲಿ ಶುಚಿಗೊಳಿಸಬೇಕು ಎಂಬುದು ನೋಡಲು ಸಣ್ಣ ಪ್ರಶ್ನೆಯಾದರೂ ಅದರ ಉತ್ತರದಲ್ಲಿ ಇಡೀ ಮನೆಯ ವ್ಯವಸ್ಥೆ ಅಡಗಿದೆ.

ಹಿಂದಿನ ಮಾಳಿಗೆ ಮನೆಗಳಲ್ಲಿ ಈ ಕೆಲಸ ಇಷ್ಟಿರಲಿಲ್ಲ. ದಪ್ಪ ಮಣ್ಣಿನ ಗೋಡೆ, ಸಣ್ಣ ಕಿಟಕಿ, ಮಾಳಿಗೆಯಲ್ಲೊಂದು ಬೆಳಕಿಂಡಿ. ಬಿಸಿಲನ್ನೂ ಧೂಳನ್ನೂ ಹೊರಗಿಡಲು ಅದೇ ಸಾಕಾಗಿತ್ತು. ಹಬ್ಬಕ್ಕೆ ಗೋಡೆಗೆ ಸುಣ್ಣ, ನೆಲಕ್ಕೆ ಸಾರಣೆ, ಹಾಸಿಗೆ-ಕೌದಿಗಳಿಗೆ ಹಳ್ಳದ ನೀರು. ಇಂದಿನ ಸಿಮೆಂಟಿನ ಮನೆಗಳಿಗೆ ಅಗಲವಾದ ಗಾಜಿನ ಕಿಟಕಿಗಳಿವೆ, ಅಲ್ಯೂಮಿನಿಯಂ ಚೌಕಟ್ಟಿನಲ್ಲಿ ಸರಿಯುವ ಕದಗಳಿವೆ, ಸೊಳ್ಳೆ ಜಾಲರಿಗಳಿವೆ, ನೆಲ ಮುಟ್ಟುವ ಪರದೆಗಳಿವೆ. ಬೆಳಕು ಹೆಚ್ಚಿತು, ಅದರೊಡನೆ ಧೂಳು ಕೂರುವ ತಾವುಗಳೂ ಹೆಚ್ಚಿದವು. ಬೇಸಿಗೆಯ ಗಾಳಿ ಬರಿದಾದ ಹೊಲಗಳ ಕರಿಮಣ್ಣನ್ನು ಹೊತ್ತು ತರುವ ನಾಡಿನಲ್ಲಿ ಒಂದು ವಾರ ಒರೆಸದ ಗಾಜು ಮಬ್ಬಾಗುವುದು ಸಹಜ.

ಮಾತುಗಳೂ ಮನೆಯೊಡನೆ ಬದಲಾಗಿವೆ. ಬೆಳಕು ಬರುವ ಕಿಂಡಿಯೇ ಬೆಳಕಿಂಡಿ. ಗವಾಕ್ಷವೆಂಬ ಸಂಸ್ಕೃತದ ಮಾತಿಗೆ ಹಸುವಿನ ಕಣ್ಣೆಂದು ಅರ್ಥ. ಕನ್ನಡದ ಕಿಟಕಿ ಮತ್ತು ನೆರೆಮನೆಯ ಮರಾಠಿಯ ಖಿಡಕಿ ಒಂದೇ ಬಳಗದ ಮಾತುಗಳು. ಪರದೆ ಪಾರಸಿಯಿಂದ ಬಂದದ್ದು; ಅದಕ್ಕೆ ಅಚ್ಚಗನ್ನಡದಲ್ಲಿ ತೆರೆ ಎನ್ನುತ್ತಾರೆ. ಬಯಲಾಟದಲ್ಲಿ ವೇಷ ಬರುವ ಮುನ್ನ ಹಿಡಿಯುವುದೂ ತೆರೆಯೇ. ಮುಚ್ಚುವ ಬಟ್ಟೆಗೆ ಹೆಸರಾದ ಈ ಮಾತೇ ಕ್ರಿಯಾಪದವಾದಾಗ ಬಿಚ್ಚು, ತೆಗೆ ಎಂಬ ಅರ್ಥ ಕೊಡುವುದು ಭಾಷೆಯ ಸೊಗಸು. ಬಾಲಭಾರತಿಯ ಕನ್ನಡ ಪಠ್ಯಪುಸ್ತಕ ಹಿಡಿದು ಶಾಲೆಗೆ ಹೋಗುವ ಮಗುವಿಗೆ ಇಂಥ ಮಾತುಗಳು ಶಬ್ದಕೋಶಕ್ಕಿಂತ ಮೊದಲು ಮನೆಯ ಕೆಲಸದಲ್ಲಿಯೇ ಸಿಗಬೇಕು. ಬಕೆಟ್ಟು ಹಿಡಿದು ನಿಂತ ಮಗುವಿನೊಡನೆ ಚಿಲಕ, ಅಗುಳಿ, ಚೌಕಟ್ಟು, ಜಾಲರಿ ಎಂದು ಹೆಸರಿಸುತ್ತ ಕೆಲಸ ಮಾಡುವ ತಾಯಿತಂದೆಯರು ಅರಿಯದೆಯೇ ಒಂದು ಪಾಠವನ್ನು ಮುಗಿಸಿರುತ್ತಾರೆ.

ಮೊದಲು ಒಣ ಕೆಲಸ

ಕಿಟಕಿಯ ಕೆಲಸದಲ್ಲಿ ಆಗುವ ಮೊದಲ ತಪ್ಪು, ಧೂಳಿನ ಮೇಲೆ ನೇರವಾಗಿ ನೀರು ಸುರಿಯುವುದು. ಕರಿಮಣ್ಣು ನೀರು ಕಂಡೊಡನೆ ಕೆಸರಾಗಿ ಮೂಲೆಗಳಿಗೆ ಅಂಟುತ್ತದೆ. ಅದನ್ನು ತೆಗೆಯಲು ಎರಡು ಪಟ್ಟು ನೀರು ಬೇಕಾಗುತ್ತದೆ. ಮೊದಲು ಪರದೆಗಳನ್ನು ಇಳಿಸಿ, ಮೇಲಿನಿಂದ ಕೆಳಕ್ಕೆ ಜಾಲರಿ, ಸರಳು, ಚೌಕಟ್ಟುಗಳ ಧೂಳನ್ನು ಮೆತ್ತನೆಯ ಕುಂಚದಿಂದ ತೆಗೆಯಬೇಕು. ಸರಿಯುವ ಕಿಟಕಿಯ ಹಳಿಯಲ್ಲಿ ಕೂತ ಮಣ್ಣಿಗೆ ಹಳೆಯ ಹಲ್ಲುಜ್ಜುವ ಬ್ರಷ್ಷೇ ಸರಿಯಾದ ಸಾಧನ. ಆ ಹಳಿಯಲ್ಲಿ ನೀರು ಹೊರಹೋಗಲು ಸಣ್ಣ ರಂಧ್ರಗಳಿರುತ್ತವೆ. ಅವು ಮುಚ್ಚಿಹೋಗಿದ್ದರೆ ಮೃಗಶಿರಾ ಮಳೆಯ ನೀರು ಒಳಗೋಡೆಗೆ ಇಳಿಯುತ್ತದೆ. ಬೇಸಿಗೆಯಲ್ಲಿಯೇ ಅವನ್ನು ಬಿಡಿಸಿಟ್ಟರೆ ಮಳೆಗಾಲದ ತೊಂದರೆ ತಪ್ಪುತ್ತದೆ.

ಕೆಲಸಕ್ಕೆ ಮುನ್ನ ಕಿಟಕಿಯ ಮೇಲಿನ ಕಿಂಡಿಯನ್ನೊಮ್ಮೆ ನೋಡುವುದು ಒಳಿತು. ಗುಬ್ಬಿಗಳು ಗೂಡು ಕಟ್ಟುವ ಕಾಲವಿದು. ಮೊಟ್ಟೆಯೋ ಮರಿಯೋ ಇದ್ದರೆ ಆ ಒಂದು ಕಿಂಡಿಯನ್ನು ಕೆಲವು ವಾರಗಳ ಮಟ್ಟಿಗೆ ಹಾಗೆಯೇ ಬಿಟ್ಟರೆ ಹಬ್ಬಕ್ಕೇನೂ ಕುಂದಿಲ್ಲ.

ಧೂಳು ಕಣ್ಣಿಗೆ ಕಾಣುವ ಕೊಳೆ ಮಾತ್ರವಲ್ಲ. ಉಬ್ಬಸವಿರುವ ಮಕ್ಕಳಿಗೆ ಪರದೆಯನ್ನು ಒಮ್ಮೆ ಕೊಡವಿದರೂ ರಾತ್ರಿಯ ನಿದ್ದೆ ಕೆಡಬಹುದು. ಅಂಥ ಮಕ್ಕಳನ್ನು ಈ ಒಣ ಕೆಲಸ ನಡೆಯುವಾಗ ಬೇರೆ ಕೋಣೆಯಲ್ಲಿಯೋ ಹೊರಗೋ ಇರಿಸಬೇಕು. ಕೆಲಸ ಮಾಡುವವರು ಮೂಗು-ಬಾಯಿಗೆ ಒದ್ದೆ ಬಟ್ಟೆ ಕಟ್ಟಿಕೊಳ್ಳಬೇಕು. ಪರದೆಯನ್ನು ಮನೆಯೊಳಗೆ ಕೊಡವದೆ, ಮಡಚಿಕೊಂಡು ಅಂಗಳಕ್ಕೆ ಒಯ್ಯಬೇಕು.

ಗಾಜು ಮತ್ತು ಗಡಸು ನೀರು

ಈ ಸೀಮೆಯ ಕೊಳವೆಬಾವಿಗಳ ನೀರು ಬಹುಪಾಲು ಗಡಸು. ಅದರಲ್ಲಿ ಕರಗಿರುವ ಕ್ಯಾಲ್ಸಿಯಂ, ಮೆಗ್ನೀಷಿಯಂ ಲವಣಗಳು ಸಾಬೂನನ್ನು ನೊರೆಯಾಗಗೊಡುವುದಿಲ್ಲ. ನೀರು ಆರಿದ ಮೇಲೆ ಗಾಜಿನ ಮೇಲೆ ಬಿಳಿಯ ಕಲೆಗಳಾಗಿ ಉಳಿಯುತ್ತವೆ. ಗಾಜನ್ನು ಎಷ್ಟು ತೊಳೆದರೂ ಮಸುಕು ಹೋಗದಿರಲು ಅನೇಕ ಮನೆಗಳಲ್ಲಿ ಇದೇ ಕಾರಣ. ಇಲ್ಲಿ ಹೆಚ್ಚು ನೀರು ಉಪಯೋಗವಿಲ್ಲ. ಹೆಚ್ಚು ನೀರೆಂದರೆ ಹೆಚ್ಚು ಕಲೆ. ಒಂದು ಲೀಟರ್ ನೀರಿಗೆ ಪಾತ್ರೆ ತೊಳೆಯುವ ದ್ರವದ ಕೆಲವೇ ಹನಿ ಬೆರೆಸಿ, ಹಿಂಡಿದ ಬಟ್ಟೆಯಿಂದ ಒರೆಸಿ, ಆರುವ ಮುನ್ನವೇ ಒಣ ಬಟ್ಟೆಯಿಂದ ಉಜ್ಜಬೇಕು. ಹೀಗೆ ಮಾಡಿದರೆ ಒಂದು ಸಾಧಾರಣ ಮನೆಯ ಗಾಜುಗಳಿಗೆಲ್ಲ ಒಂದು ಬಕೆಟ್ ನೀರು ಸಾಕು. ಹಳೆಯ ಬಿಳಿ ಧೋತರದ ತುಂಡು ಇದಕ್ಕೆ ಶ್ರೇಷ್ಠ. ಸೊಲ್ಲಾಪುರದ ಮಗ್ಗಗಳಿಂದ ಬಂದ ಟವೆಲ್ಲು ಹಳತಾಗಿದ್ದರೆ ನೀರು ಹೀರಲು ಅದನ್ನು ಮೀರಿಸಿದ್ದಿಲ್ಲ. ಆದರೆ ಕೊನೆಯ ಒರೆತಕ್ಕೆ ಎಳೆ ಬಿಡದ ಬಟ್ಟೆಯೇ ಬೇಕು.

ಬಿಸಿಲು ನೇರವಾಗಿ ಬಿದ್ದ ಗಾಜನ್ನು ತೊಳೆಯಬಾರದು. ಸಾಬೂನು ನೀರು ಕ್ಷಣದಲ್ಲಿ ಆರಿ ಗೆರೆಗಳುಳಿಯುತ್ತವೆ. ಮೂಡಣದ ಕಿಟಕಿಗೆ ಸಂಜೆ, ಪಡುವಣದ ಕಿಟಕಿಗೆ ಬೆಳಗು ತಕ್ಕ ವೇಳೆ. ಒಳಬದಿಯನ್ನು ಅಡ್ಡಕ್ಕೂ ಹೊರಬದಿಯನ್ನು ಉದ್ದಕ್ಕೂ ಒರೆಸಿದರೆ, ಗೆರೆ ಉಳಿದಾಗ ಅದು ಯಾವ ಬದಿಯದೆಂದು ಒಡನೆ ತಿಳಿಯುತ್ತದೆ.

ಹಳೆಯ ಬಿಳಿ ಕಲೆಗಳಿಗೆ ನಿಂಬೆಯ ಹೋಳು ಅಥವಾ ಸಮಪಾಲು ನೀರು ಬೆರೆಸಿದ ವಿನೆಗರ್ ಹಚ್ಚಿ, ಹತ್ತು ನಿಮಿಷ ಬಿಟ್ಟು ಒರೆಸಬೇಕು. ಹಿತ್ತಾಳೆಯ ಚಿಲಕಗಳಿಗೆ ಹುಣಸೆಹಣ್ಣು ಇದೇ ಕೆಲಸ ಮಾಡುತ್ತದೆ. ಆದರೆ ಒಂದು ಎಚ್ಚರ: ಇಲ್ಲಿಯ ಬಹಳ ಮನೆಗಳಲ್ಲಿ ಕಿಟಕಿಯ ಕೆಳಗಿನ ಹಾಸು ಕಲಬುರಗಿ ಜಿಲ್ಲೆಯಿಂದ ಬರುವ ಶಹಾಬಾದಿ ಫರಸಿ. ಅದು ಸುಣ್ಣದ ಕಲ್ಲು. ಹುಳಿ ತಗುಲಿದರೆ ಅದರ ನುಣುಪು ಕರಗಿ ಬಿಳಿಯ ಮಚ್ಚೆ ಉಳಿಯುತ್ತದೆ. ಆಮ್ಲವು ಕಾರ್ಬೋನೇಟಿನೊಡನೆ ವರ್ತಿಸಿ ಕಾರ್ಬನ್ ಡೈಆಕ್ಸೈಡ್ ಬಿಡುಗಡೆ ಮಾಡುತ್ತದೆಂದು ವಿಜ್ಞಾನದ ಪುಸ್ತಕದಲ್ಲಿ ಓದಿದ ವಿದ್ಯಾರ್ಥಿಗೆ, ಒಡೆದ ಫರಸಿಯ ಚೂರೊಂದರ ಮೇಲೆ ನಿಂಬೆರಸದ ಹನಿ ಬಿಟ್ಟು ಗುಳ್ಳೆಯೇಳುವುದನ್ನು ತೋರಿಸಬಹುದು. ಗಾಜಿನ ಮೇಲಿನ ಕಲೆ ಹೋಗುವುದೂ ಕಲ್ಲು ಕೆಡುವುದೂ ಒಂದೇ ನಿಯಮದಿಂದ ಎಂಬುದು ಆ ಮಗುವಿಗೆ ಮರೆಯದ ಪಾಠ.

ಪರದೆಯ ಸ್ನಾನ

ಪರದೆಗಳನ್ನು ಕೊಂಡಿ, ಬಳೆಗಳಿಂದ ಬಿಡಿಸಿ, ಅಂಗಳದಲ್ಲಿ ಕೊಡವಿ, ಮೊದಲು ಸಾಬೂನಿಲ್ಲದ ತಣ್ಣೀರಿನಲ್ಲಿ ಅರ್ಧ ಗಂಟೆ ನೆನೆಯಿಡಬೇಕು. ಮಣ್ಣಿನ ದೊಡ್ಡ ಪಾಲು ಈ ನೀರಿನಲ್ಲಿಯೇ ಇಳಿಯುತ್ತದೆ; ಸಾಬೂನೂ ಉಳಿಯುತ್ತದೆ. ಬಣ್ಣ ಬಿಡುವ ಅನುಮಾನವಿದ್ದರೆ ಅಂಚಿನ ಒಳಮಗ್ಗುಲನ್ನು ಒದ್ದೆ ಬಿಳಿ ಬಟ್ಟೆಯಿಂದ ಉಜ್ಜಿ ನೋಡಬೇಕು. ಬಣ್ಣ ಬಿಡದ ಗಟ್ಟಿ ಹತ್ತಿಯ ಪರದೆಗೆ 60 ಡಿಗ್ರಿ ಸೆಲ್ಸಿಯಸ್ ಬಿಸಿಯ ನೀರು ಧೂಳುನುಸಿಗಳನ್ನು ಕೊಲ್ಲುತ್ತದೆ. ಕೈಮಗ್ಗದ ಮತ್ತು ಹೊಸ ಹತ್ತಿಯ ಬಟ್ಟೆ ಬಿಸಿಗೆ ಕುಗ್ಗುವುದರಿಂದ ಅವಕ್ಕೆ ತಣ್ಣೀರೇ ತಕ್ಕದ್ದು. ಬಣ್ಣದವನ್ನು ನೆರಳಿನಲ್ಲಿ ಆರಿಸಬೇಕು. ತುಸು ಹಸಿಯಿರುವಾಗಲೇ ಮರಳಿ ತೂಗುಹಾಕಿದರೆ ಬಟ್ಟೆಯ ಭಾರಕ್ಕೆ ಸುಕ್ಕುಗಳು ತಾವಾಗಿ ಇಳಿಯುತ್ತವೆ, ಇಸ್ತ್ರಿಯ ಕೆಲಸ ಉಳಿಯುತ್ತದೆ.

ನೀರಿನ ಲೆಕ್ಕ ಇಲ್ಲಿಯೇ ಮುಖ್ಯ. ಒಂದು ಪರದೆಯ ಕೊನೆಯ ಜಾಲಾಟದ ನೀರು ಮುಂದಿನ ಪರದೆಯನ್ನು ನೆನೆಸಲು. ನೆನೆಸಿದ ನೀರು ಅಂಗಳ ತೊಳೆಯಲು ಅಥವಾ ಶೌಚಾಲಯಕ್ಕೆ. ಹೀಗೆ ಪ್ರತಿ ಬಕೆಟ್ಟೂ ಎರಡು ಬಾರಿ ದುಡಿಯುತ್ತದೆ. ಎಲ್ಲ ಪರದೆಗಳನ್ನು ಒಂದೇ ದಿನ ಒಗೆಯಬೇಕೆಂಬ ಶಾಸ್ತ್ರವಿಲ್ಲ. ನಲ್ಲಿಗೆ ನೀರು ಬರುವ ಒಂದೊಂದು ದಿನಕ್ಕೆ ಒಂದೊಂದು ಕೋಣೆಯೆಂದು ಹಂಚಿಕೊಂಡರೆ ಹಬ್ಬದ ಹೊತ್ತಿಗೆ ಕೆಲಸವೂ ಮುಗಿಯುತ್ತದೆ, ಟ್ಯಾಂಕರಿಗೆ ಹಣ ಸುರಿಯುವುದೂ ತಪ್ಪುತ್ತದೆ. ಹನ್ನೆರಡನೆಯ ಶತಮಾನದಲ್ಲಿ ಸೊನ್ನಲಿಗೆಯಲ್ಲಿ ಕೆರೆ ಕಟ್ಟಿಸಿದ ಶಿವಯೋಗಿ ಸಿದ್ಧರಾಮನ ನಾಡಿನವರಿಗೆ ನೀರಿನ ಬೆಲೆ ಹೊಸತಾಗಿ ಹೇಳಬೇಕಾದುದಲ್ಲ.

ಜೀವದ ಎಚ್ಚರ

ಈ ಕೆಲಸದಲ್ಲಿ ನಾಲ್ಕು ಅಪಾಯಗಳಿವೆ. ಮೊದಲನೆಯದು ಬೀಳುವುದು. ಅಲುಗುವ ಸ್ಟೂಲಿನ ಮೇಲೆ ಡಬ್ಬಿಯಿಟ್ಟು ಹತ್ತುವುದು, ಮೇಲಂತಸ್ತಿನ ಸಜ್ಜೆಯ ಮೇಲೆ ಕಾಲಿಟ್ಟು ಹೊರಗಾಜು ಒರೆಸುವುದು ಹಬ್ಬದ ಮನೆಯನ್ನು ಆಸ್ಪತ್ರೆಗೆ ಒಯ್ಯುವ ದಾರಿ. ಉದ್ದ ಕೋಲಿಗೆ ಬಟ್ಟೆ ಕಟ್ಟಿ ಒಳಗಿನಿಂದಲೇ ಒರೆಸಬೇಕು. ಏಣಿ ಹತ್ತಿದರೆ ಇನ್ನೊಬ್ಬರು ಹಿಡಿದಿರಲೇಬೇಕು. ಮಕ್ಕಳನ್ನು ಹತ್ತಿಸಲೇಬಾರದು.

ಎರಡನೆಯದು ಔಷಧಗಳ ಬೆರಕೆ. ಬ್ಲೀಚಿಂಗ್ ದ್ರಾವಣಕ್ಕೆ ವಿನೆಗರ್, ನಿಂಬೆ ಅಥವಾ ಶೌಚಾಲಯದ ಆಮ್ಲ ಸೇರಿದರೆ ವಿಷಕಾರಿ ಕ್ಲೋರಿನ್ ಅನಿಲ ಏಳುತ್ತದೆ. ಎರಡು ಸೇರಿದರೆ ಎರಡು ಪಟ್ಟು ಶುಚಿ ಎಂಬ ನಂಬಿಕೆ ಪ್ರಾಣಕ್ಕೆ ಮುಳುವು.

ಮೂರನೆಯದು ಹಳೆಯ ಬಣ್ಣ. ಮನೆಬಳಕೆಯ ಬಣ್ಣಗಳಲ್ಲಿ ಸೀಸವು ದಶಲಕ್ಷ ಭಾಗಕ್ಕೆ 90 ಭಾಗ ಮೀರಬಾರದೆಂಬ ನಿಯಮವನ್ನು ಭಾರತ ಸರ್ಕಾರ 2016ರಲ್ಲಿ ಮಾಡಿತು; ಅದು 2017ರ ನವೆಂಬರ್ 1ರಿಂದ ಜಾರಿಗೆ ಬಂತು. ಅದಕ್ಕೆ ಮುಂಚಿನ ಎಣ್ಣೆಬಣ್ಣ ಬಳಿದ ಕಿಟಕಿಗಳಲ್ಲಿ ಸೀಸ ಹೆಚ್ಚಾಗಿ ಇರಬಹುದು. ಚಕ್ಕೆಯೇಳುವ ಅಂಥ ಬಣ್ಣವನ್ನು ಒಣದಾಗಿ ಕೆರೆದರೆ ಆ ಪುಡಿ ಮಕ್ಕಳ ಕೈಯಿಂದ ಬಾಯಿಗೆ ಹೋಗುತ್ತದೆ. ಸೀಸ ಬೆಳೆಯುವ ಮಿದುಳನ್ನು ಕೆಡಿಸುತ್ತದೆ, ಕಲಿಕೆಯನ್ನು ಕುಗ್ಗಿಸುತ್ತದೆ. ಮಕ್ಕಳಿಗೆ ಇಷ್ಟರವರೆಗೆ ಸುರಕ್ಷಿತ ಎಂಬ ಪ್ರಮಾಣವೇ ಇಲ್ಲ. ಅಂಥ ಚೌಕಟ್ಟನ್ನು ಕೆರೆಯದೆ ಒದ್ದೆ ಬಟ್ಟೆಯಿಂದ ಒರೆಸಿ, ಉದುರಿದ ಚಕ್ಕೆಗಳನ್ನು ಒದ್ದೆಯಾಗಿಯೇ ಬಳಿದು ತೆಗೆಯಬೇಕು.

ನಾಲ್ಕನೆಯದು ಪರದೆ ಎಳೆಯುವ ಹಗ್ಗ. ಅದರ ಕುಣಿಕೆ ಕೂಸುಗಳ ಕೊರಳಿಗೆ ಸಿಕ್ಕಬಹುದು. ಅದನ್ನು ಎತ್ತರದಲ್ಲಿ ಕಟ್ಟಿ, ತೊಟ್ಟಿಲನ್ನು ಕಿಟಕಿಯಿಂದ ದೂರವಿಡಬೇಕು.

ಯಾರ ಕೆಲಸ?

2019ರಲ್ಲಿ ಕೇಂದ್ರ ಸರ್ಕಾರ ನಡೆಸಿದ ಸಮಯ ಬಳಕೆಯ ಸಮೀಕ್ಷೆಯಲ್ಲಿ ಆರು ವರ್ಷ ಮೇಲ್ಪಟ್ಟವರನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಳ್ಳಲಾಗಿತ್ತು. ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಹೆಣ್ಣುಮಕ್ಕಳು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಿದ್ದರು. ಗಂಡಸರು 97 ನಿಮಿಷ. ಹಬ್ಬದ ವಾರದಲ್ಲಿ ಈ ತಕ್ಕಡಿ ಎತ್ತ ವಾಲುತ್ತದೆಂದು ಊಹಿಸುವುದು ಕಷ್ಟವಲ್ಲ. ಪರೀಕ್ಷೆಯ ಪುಸ್ತಕ ಮಡಚಿಟ್ಟು ಪರದೆ ಹಿಂಡಲು ಏಳುವವಳು ಬಹುತೇಕ ಮನೆಗಳಲ್ಲಿ ಮಗಳೇ. ಮಗನನ್ನು ಮಾತ್ರ ಓದುತ್ತಿದ್ದಾನೆಂದು ಯಾರೂ ಕರೆಯುವುದಿಲ್ಲ.

ಕನ್ನಡ ಶಾಲೆಯನ್ನು ಆರಿಸಿಕೊಂಡ ಮನೆಗಳಿಗೆ ಈ ಮಾತು ಇನ್ನಷ್ಟು ಹತ್ತಿರದ್ದು. ಮೇಲಿನ ತರಗತಿಗೆ ಹೋದಂತೆ ಈ ಮಕ್ಕಳು ಮರಾಠಿಯನ್ನೂ ಇಂಗ್ಲಿಷನ್ನೂ ಹೆಚ್ಚಿನ ದುಡಿಮೆಯಿಂದ ಗಳಿಸಬೇಕಾಗುತ್ತದೆ. ಅವರ ಒಂದೊಂದು ಗಂಟೆಗೂ ಬೆಲೆಯಿದೆ, ಮಗಳ ಗಂಟೆಗೂ ಮಗನಷ್ಟೇ. ಪರೀಕ್ಷೆಯಿರುವ ಮಗು ಹುಡುಗಿಯಾಗಲಿ ಹುಡುಗನಾಗಲಿ, ಆ ವಾರ ಕೆಲಸದಿಂದ ಹೊರಗಿರಬೇಕು. ಪರೀಕ್ಷೆ ಮುಗಿದವರು, ತಂದೆ, ಅಣ್ಣ, ಕಾಕಾ ಎಲ್ಲರೂ ಒಂದೊಂದು ಕಿಟಕಿಯನ್ನು ವಹಿಸಿಕೊಳ್ಳಬೇಕು. ಪರದೆ ಇಳಿಸುವುದು, ಒದ್ದೆ ಪರದೆ ಹಿಂಡುವುದು, ಏಣಿ ಹಿಡಿಯುವುದು ಬಲ ಬೇಡುವ ಕೆಲಸಗಳು. ಅವು ಗಂಡಸರಿಗೆ ಸಲ್ಲುವವೇ.

ಓದುವ ಮೇಜಿನ ಬಳಿಯ ಕಿಟಕಿಯಿಂದಲೇ ಕೆಲಸ ಆರಂಭಿಸುವುದು ಯುಕ್ತ. ಬಲಗೈಯಲ್ಲಿ ಬರೆಯುವ ಮಗುವಿಗೆ ಬೆಳಕು ಎಡದಿಂದ, ಎಡಗೈಯವರಿಗೆ ಬಲದಿಂದ ಬಂದರೆ ಕೈಯ ನೆರಳು ಬರಹದ ಮೇಲೆ ಬೀಳದು. ಬೆಳಗ್ಗೆ ಮತ್ತು ಸಂಜೆ ಕದ ತೆರೆದಿಟ್ಟು, ಬಿಸಿಗಾಳಿಯೇಳುವ ನಡುಹಗಲಲ್ಲಿ ಮುಚ್ಚಿ ಪರದೆ ಎಳೆದರೆ ಮನೆ ತಂಪಾಗಿರುತ್ತದೆ, ಶುಚಿಯೂ ಬಾಳುತ್ತದೆ.

ಯುಗಾದಿಯ ಬೆಳಗ್ಗೆ ಮರಾಠಿ ನೆರೆಯವರು ಬಾಗಿಲಿಗೋ ಕಿಟಕಿಗೋ ಗುಡಿ ಏರಿಸುತ್ತಾರೆ. ಕನ್ನಡ ಮನೆಗಳಲ್ಲಿ ಬೇವು-ಬೆಲ್ಲ ಹಂಚಲಾಗುತ್ತದೆ. ಗುಡಿಯ ತುದಿಯಲ್ಲಿರುವುದೂ ಬಟ್ಟಲಿನಲ್ಲಿರುವುದೂ ಅದೇ ಬೇವು. ಅಂದು ಮನೆಯ ಗಾಜು ಹೊಳೆಯುತ್ತಿರುವುದು ಚೆಂದವೇ ಸರಿ. ಆ ಹೊಳಪಿಗಾಗಿ ಯಾವ ಮಗುವಿನ ಪಾಠವೂ ತಪ್ಪಿರದಿದ್ದರೆ, ಯಾರ ಕಾಲೂ ಜಾರಿರದಿದ್ದರೆ, ಕೊಡದಲ್ಲಿ ಮರುದಿನದ ನೀರು ಉಳಿದಿದ್ದರೆ, ಆ ಶುಚಿ ನಿಜವಾದ ಶುಚಿ.