ತಿರುವಿನಲ್ಲಿ ಕೇಳಿಸುವ ‘ಕಟಕಟ’

ನಮ್ಮ ಹೋಟೆಲು ಬಂಧುಗಳಲ್ಲಿಯೂ ಕಚೇರಿಗಳಲ್ಲಿ ಗುಮಾಸ್ತರಾಗಿ ದುಡಿಯುವವರಲ್ಲಿಯೂ ಹಳೆಯ ಕಾರೊಂದನ್ನು ಕೊಂಡವರು ಅನೇಕರಿದ್ದಾರೆ. ಹೊಸದಕ್ಕೆ ಕೈ ಎಟುಕುವುದಿಲ್ಲ. ಚೌತಿಗೋ ಮೇ ತಿಂಗಳ ರಜೆಗೋ ಊರಿಗೆ ಹೊರಟರೆ ರೈಲಿನಲ್ಲಿ ಜಾಗ ಸಿಕ್ಕುವುದಿಲ್ಲ. ಆದುದರಿಂದ ಹತ್ತು ಹನ್ನೆರಡು ವರ್ಷ ಓಡಿದ ಆಲ್ಟೋವನ್ನೋ ಸ್ಯಾಂಟ್ರೋವನ್ನೋ ಇಬ್ಬರು ಮೂವರು ಕೂಡಿ ಕೊಳ್ಳುವುದುಂಟು. ಇದು ತಪ್ಪೆಂದು ಹೇಳುವವನು ನಾನಲ್ಲ. ನಾನೂ ಹಾಗೆಯೇ ಕೊಂಡವನು. ಆದರೆ ಅಂಥ ಕಾರಿನ ಮುಂದಿನ ಚಕ್ರಗಳ ಬಳಿ ಇರುವ ಒಂದು ಸಂಧಿಯ ವಿಷಯದಲ್ಲಿ ನಾನು ತೋರಿದ ಉದಾಸೀನವು ಕಶೇಡಿ ಘಾಟಿಯಲ್ಲಿ ನನ್ನ ಮನೆಮಂದಿಯನ್ನೆಲ್ಲ ಬೀದಿಯಲ್ಲಿ ನಿಲ್ಲಿಸಿತಾದ ಕಾರಣ, ವಾಚಕರ ಮುಂದೆ ಆ ಸಂಗತಿಯನ್ನು ಅರಿಕೆ ಮಾಡಬಯಸುತ್ತೇನೆ. ನಾನು ಎಸ್.ಎಸ್.ಎಲ್.ಸಿ.ಯವರೆಗೆ ಮಾತ್ರ ಓದಿದವನು, ಎಂಜಿನಿಯರನಲ್ಲ. ಮಿಸ್ತ್ರಿಗಳ ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕುಳಿತು ಕಲಿತುದಷ್ಟೇ ನನ್ನ ವಿದ್ಯೆ.

ನಮ್ಮ ತಂದೆಯವರ ಬಳಿ ಇದ್ದುದು ಪ್ರೀಮಿಯರ್ ಪದ್ಮಿನಿ. ಕುರ್ಲಾದ ಕಾರಖಾನೆಯಲ್ಲಿ ತಯಾರಾಗಿ, ಕಪ್ಪು ಹಳದಿಯ ಟ್ಯಾಕ್ಸಿಯಾಗಿ ಮುಂಬಯಿಗೆ ಮುಖವನ್ನೇ ಕೊಟ್ಟು, 2023ರ ಅಕ್ಟೋಬರದಲ್ಲಿ ಬೀದಿಯಿಂದ ನಿವೃತ್ತವಾದ ಗಾಡಿಯದು. ಅದರ ಎಂಜಿನು ಮುಂದೆ, ದೂಡುವ ಚಕ್ರಗಳು ಹಿಂದೆ. ನಡುವೆ ಉದ್ದನೆಯ ಶಾಫ್ಟು. ಮುಂದಿನ ಚಕ್ರಗಳಿಗೆ ದಾರಿ ತಿರುಗಿಸುವ ಕೆಲಸ ಮಾತ್ರ. 1983ರ ಡಿಸೆಂಬರದಲ್ಲಿ ಮಾರುತಿ 800 ಬಂದು ಈ ಏರ್ಪಾಡನ್ನು ಮನೆಮನೆಯಲ್ಲಿ ಬದಲಾಯಿಸಿಬಿಟ್ಟಿತು. ಇದರಲ್ಲಿ ಎಳೆಯುವುದೂ ತಿರುಗುವುದೂ ಮುಂದಿನ ಚಕ್ರಗಳೇ. ಝೆನ್, ಆಲ್ಟೋ, ಸ್ಯಾಂಟ್ರೋ, ವ್ಯಾಗನ್ ಆರ್, ಇಂಡಿಕಾ ಎಲ್ಲವೂ ಇದೇ ಕುಲಕ್ಕೆ ಸೇರಿದವು.

ಇಲ್ಲಿಯೇ ತೊಡಕಿರುವುದು. ಗೇರಿನ ಪೆಟ್ಟಿಗೆಯಿಂದ ಹೊರಟ ಶಾಫ್ಟು ಚಕ್ರವನ್ನು ತಿರುಗಿಸುತ್ತಿರಬೇಕು. ಅದೇ ವೇಳೆಗೆ ಚಕ್ರವು ಸ್ಟಿಯರಿಂಗಿನೊಡನೆ ಎಡಕ್ಕೂ ಬಲಕ್ಕೂ ಹೊರಳುತ್ತಿರಬೇಕು, ಹೊಂಡಗಳಲ್ಲಿ ಏಳುತ್ತ ಬೀಳುತ್ತಲೂ ಇರಬೇಕು. ಲಾರಿಗಳ ಶಾಫ್ಟಿನಲ್ಲಿ ಕಾಣುವ, ಮಿಸ್ತ್ರಿಗಳು ‘ಕ್ರಾಸ್’ ಎನ್ನುವ ಸಂಧಿಯೊಂದನ್ನೇ ಇಲ್ಲಿ ಹಾಕಿದರೆ, ಬಾಗಿದ ಸ್ಥಿತಿಯಲ್ಲಿ ಅದು ಒಂದೊಂದು ಸುತ್ತಿಗೂ ಎರಡು ಬಾರಿ ಚುರುಕಾಗಿಯೂ ಎರಡು ಬಾರಿ ಮಂದವಾಗಿಯೂ ತಿರುಗುತ್ತದೆ; ತಿರುವಿನಲ್ಲಿ ಸ್ಟಿಯರಿಂಗು ಕೈಯಲ್ಲಿ ನಡುಗುತ್ತದೆ. ಬಾಗಿದರೂ ವೇಗ ಬದಲಾಗದ ಸಂಧಿಯೊಂದನ್ನು ಆಲ್ಫ್ರೆಡ್ ಝೆಪ್ಪಾ ಎಂಬ ಎಂಜಿನಿಯರನು 1920ರ ದಶಕದಲ್ಲಿ ರೂಪಿಸಿದನು. 1959ರಲ್ಲಿ ಇಂಗ್ಲೆಂಡಿನ ಮಿನಿ ಎಂಬ ಪುಟ್ಟ ಕಾರಿಗೆ ಈ ಬಗೆಯ ಸಂಧಿಯನ್ನು ಹಾಕಿದ ಮೇಲೆ ಅದು ಬಡವರ ಕಾರಿಗೂ ಇಳಿದು ಬಂದಿತು. ಸಿ.ವಿ. ಜಾಯಿಂಟು ಎಂದು ಕರೆಯುವುದು ಇದನ್ನೇ. ನಮ್ಮ ಗ್ಯಾರೇಜುಗಳಲ್ಲಿ ಜಾಯಿಂಟು ಶಾಫ್ಟು ಎಲ್ಲವನ್ನೂ ಕೂಡಿಸಿ ‘ಎಕ್ಸೆಲ್’ ಎಂದುಬಿಡುತ್ತಾರೆ.

ಒಳಗೆ ಇರುವುದು ಹೆಚ್ಚೇನೂ ಇಲ್ಲ. ಬಟ್ಟಲಿನಂಥ ಒಂದು ಹೊರಕವಚ, ಅದರೊಳಗೊಂದು ಗುಂಡು, ಎರಡರಲ್ಲಿಯೂ ಕೊರೆದ ಕಾಲುವೆಗಳು, ಕಾಲುವೆಗಳಲ್ಲಿ ಹುಡುಗರ ಗೋಲಿಗಳಂಥ ಆರು ಉಕ್ಕಿನ ಗುಂಡುಗಳು, ಅವನ್ನು ಸಾಲಿನಲ್ಲಿ ಹಿಡಿದಿಡುವ ಒಂದು ಪಂಜರ. ಈ ಆರು ಗುಂಡುಗಳ ಮೂಲಕವೇ ಎಂಜಿನಿನ ಬಲವೆಲ್ಲ ಚಕ್ರಕ್ಕೆ ದಾಟುತ್ತದೆ. ಅವುಗಳಿಗೆ ಅನ್ನವೆಂದರೆ ಕರಿಯ ಗ್ರೀಸು. ಆ ಗ್ರೀಸು ಚೆಲ್ಲದಂತೆ, ಮಣ್ಣು ನೀರು ಒಳಹೊಗದಂತೆ ಕಾಪಾಡುವುದು ಮಡಿಕೆ ಮಡಿಕೆಯಾದ ಒಂದು ರಬ್ಬರಿನ ಚೀಲ. ಅದನ್ನು ಬೂಟು ಎನ್ನುತ್ತಾರೆ. ಹೋಟೆಲಿನವರಿಗೆ ಇದು ಬೇಗನೆ ಅರ್ಥವಾದೀತು. ರುಬ್ಬುವ ಯಂತ್ರದ ಸೀಲು ಹರಿದು ಬೇರಿಂಗಿಗೆ ಅಕ್ಕಿಯ ನೀರು ಇಳಿದರೆ ಕಲ್ಲಿಗೆ ಏನಾಗುವುದೆಂದು ನಾವೆಲ್ಲ ಕಂಡಿದ್ದೇವೆ.

ಜಾಯಿಂಟು ತಾನಾಗಿ ಸವೆದು ಸಾಯುವುದು ಅಪರೂಪ. ಬಹಳಮಟ್ಟಿಗೆ ಬೂಟು ಹರಿದೇ ಸಾಯುತ್ತದೆ. ರಬ್ಬರು ವರ್ಷಗಳ ಬಿಸಿಲಿಗೂ ಬಾಗುವಿಕೆಗೂ ಬಿರಿಯುತ್ತದೆ. ಬಿರಿದ ಬೂಟಿನಿಂದ ಗ್ರೀಸು ಸಿಡಿದು ಚಕ್ರದ ಒಳಮೈಗೆ ಬಳಿದುಕೊಳ್ಳುತ್ತದೆ. ಆಮೇಲೆ ಹಿಂದಮಾತಾದಲ್ಲಿಯೋ ಮಿಲನ್ ಸಬ್‌ವೇಯಲ್ಲಿಯೋ ಮೊಣಕಾಲುದ್ದದ ನೀರಿನಲ್ಲಿ ಒಮ್ಮೆ ಹಾದುಬಂದರೆ ಕೆಸರು ಮರಳು ಒಳಗೆ ನೆಲೆ ಮಾಡಿ, ಅರೆಯುವ ಕೆಲಸವನ್ನು ಪ್ರಾರಂಭಿಸುತ್ತವೆ.

ನನ್ನದು 1998ರ ಮಾರುತಿ 800. 2012ರ ಮಳೆಗಾಲದಲ್ಲಿ ನಮ್ಮ ಮಿಸ್ತ್ರಿಯು ಎಡಚಕ್ರದ ಒಳಬದಿಯಲ್ಲಿ ಬೆರಳಾಡಿಸಿ, ಕಪ್ಪಾದ ಬೆರಳನ್ನು ನನಗೆ ತೋರಿಸಿ, “ಶೆಟ್ರೇ, ಬೂಟು ಹೋಗಿದೆ, ಇವತ್ತೇ ಹಾಕಿಸಿಬಿಡಿ” ಎಂದನು. ಆತ ಕೇಳಿದ ಹಣ ನಮ್ಮ ಹೋಟೆಲಿನಲ್ಲಿ ಒಂದು ಸಂಸಾರ ಕುಳಿತು ಉಂಡ ಬಿಲ್ಲಿನಷ್ಟು. ದೀಪಾವಳಿ ಕಳೆಯಲಿ ಎಂದೆನು. ಒಂದೆರಡು ತಿಂಗಳಲ್ಲಿ ಗಲ್ಲಿಯಿಂದ ಹೊರಳುವಾಗ ಎಡಬದಿಯಲ್ಲಿ ‘ಕಟಕಟ’ ಎಂಬ ಸದ್ದು ಪ್ರಾರಂಭವಾಯಿತು. ನಾನು ಮಾಡಿದ ಉಪಾಯವೆಂದರೆ ರೇಡಿಯೋದ ಧ್ವನಿಯನ್ನು ಏರಿಸಿದುದು. ಡಿಸೆಂಬರದಲ್ಲಿ ತಾಯಿ, ಹೆಂಡತಿ, ಮೂರು ವರ್ಷದ ಮಗು, ಎಲ್ಲರನ್ನೂ ಕೂಡಿಸಿಕೊಂಡು ಪನವೇಲಿನ ದಾರಿಯಿಂದ ಊರಿಗೆ ಹೊರಟೆನು.

ಪೋಲಾದಪುರ ದಾಟಿ ಕಶೇಡಿ ಘಾಟಿ ಏರತೊಡಗಿದೆವು. ಈಗ ಅಲ್ಲಿ ಸುರಂಗವಾಗಿದೆ. ಆಗ ಸುತ್ತಿ ಸುತ್ತಿ ಏರುವ ದಾರಿಯೊಂದೇ. ಒಂದು ಕಡಿದಾದ ತಿರುವಿನಲ್ಲಿ ಚಕ್ರವನ್ನು ಪೂರಾ ಹೊರಳಿಸಿ ವೇಗ ಕೊಟ್ಟೆನೋ ಇಲ್ಲವೋ, ಕಲ್ಲಿನ ಮೇಲೆ ಸುತ್ತಿಗೆ ಬಿದ್ದಂಥ ಸದ್ದಾಯಿತು. ಎಂಜಿನು ಓಡುತ್ತಿದೆ, ಗೇರು ಬೀಳುತ್ತಿದೆ, ಗಾಡಿ ಮಾತ್ರ ಹಿಂದಕ್ಕೆ ಜಾರುತ್ತಿದೆ! ಬ್ರೇಕು ಒತ್ತಿ ನಿಲ್ಲಿಸಿ, ಮೊದಲಿನ ಗೇರಿಗೆ ಹಾಕಿ ಎಂಜಿನು ಆರಿಸಿ ಕಾಲು ತೆಗೆದರೆ ಮತ್ತೆ ಜಾರಿತು. ಒಂದು ಬದಿಯ ಜಾಯಿಂಟು ಕಳಚಿದರೆ ಬಲವೆಲ್ಲ ಆ ಬದಿಯಲ್ಲಿಯೇ ಸೋರಿಹೋಗುತ್ತದೆ. ಇನ್ನೊಂದು ಚಕ್ರ ನೆಟ್ಟಗಿದ್ದರೂ ಎಳೆಯಲಾರದು. ಗೇರಿನಲ್ಲಿ ನಿಲ್ಲಿಸಿದೆನೆಂಬ ಭರವಸೆಯೂ ಹುಸಿ, ಏಕೆಂದರೆ ಎಂಜಿನಿಗೂ ಚಕ್ರಕ್ಕೂ ಸಂಬಂಧವೇ ಕಡಿದಿರುತ್ತದೆ. ಉಳಿದುದು ಕೈಬ್ರೇಕೊಂದು, ಅದೂ ಸಡಿಲಾಗಿತ್ತು. ನಾನು ಬ್ರೇಕಿನ ಮೇಲಿನ ಕಾಲು ತೆಗೆಯಲಾರೆ. ಹೆಂಡತಿ ಮಗುವನ್ನು ಅಮ್ಮನ ತೊಡೆಗೆ ಕೊಟ್ಟು ಇಳಿದು, ರಸ್ತೆಯ ಬದಿಯಿಂದ ಕಲ್ಲು ಉರುಳಿಸಿ ಹಿಂದಿನ ಚಕ್ರಗಳಿಗೆ ಕೊಟ್ಟಳು. ಹಿಂದೆ ಬಂದ ಲಾರಿಯವನು ದೀಪ ಮಿನುಗಿಸಿ ನಿಲ್ಲಿಸದೆ ಹೋಗಿದ್ದರೆ ಈ ಲೇಖನವನ್ನು ಬರೆಯುವವರು ಬೇರೆಯವರಾಗುತ್ತಿದ್ದರು. ಪೋಲಾದಪುರದಲ್ಲಿ ಬಿಚ್ಚಿದಾಗ ಪಂಜರ ಎರಡು ತುಂಡಾಗಿತ್ತು. ಗ್ರೀಸಿನ ಜಾಗದಲ್ಲಿ ಕೆಂಪು ಮಣ್ಣು.

ಹೀಗೆ ಕಲಿತ ನಾಲ್ಕು ವಿಚಾರಗಳನ್ನು ಹೇಳುತ್ತೇನೆ. ಹಳೆಯ ಕಾರು ಕೊಳ್ಳುವ ಮುನ್ನ ಬಯಲಿನಲ್ಲಿ ಸ್ಟಿಯರಿಂಗನ್ನು ಪೂರಾ ಒಂದು ಬದಿಗೆ ಹೊರಳಿಸಿ ಮೆಲ್ಲಗೆ ವೇಗ ಕೊಡುತ್ತ ವೃತ್ತ ಸುತ್ತಿರಿ, ಬಳಿಕ ಇನ್ನೊಂದು ಬದಿಗೆ. ಚಕ್ರದ ಸುತ್ತಿಗೆ ಸರಿಯಾಗಿ ‘ಕಟಕಟ’ ಎಂದು, ಆಕ್ಸಿಲರೇಟರ್ ಬಿಟ್ಟೊಡನೆ ತಗ್ಗಿದರೆ ಅದು ಹೊರಗಿನ ಜಾಯಿಂಟು. ಸಾಮಾನ್ಯವಾಗಿ ತಿರುವಿನ ಹೊರಬದಿಯ ಚಕ್ರದ್ದು ಸದ್ದು ಮಾಡುತ್ತದೆ; ಆದರೆ ಬಿಚ್ಚಿ ನೋಡದೆ ನಿರ್ಣಯಿಸಬಾರದು. ನೇರ ದಾರಿಯಲ್ಲಿ ವೇಗ ಕೊಟ್ಟಾಗ ಗಾಡಿ ಗಡಗಡ ನಡುಗಿದರೆ ಗೇರಿನ ಕಡೆಯ ಜಾಯಿಂಟನ್ನು ಸಂಶಯಿಸಬೇಕು. ವೇಗದೊಡನೆ ಏರುವ ಒಂದೇ ಸಮನಾದ ಗುಂಯ್‌ಗುಡುವಿಕೆ ಚಕ್ರದ ಬೇರಿಂಗಿನದು. ಹೊಂಡದಲ್ಲಿ ಮಾತ್ರ ‘ಠಕ್’ ಎಂದರೆ ಸಸ್ಪೆನ್ಶನ್ ನೋಡಿಸಿ. ಈ ಮೂರನ್ನೂ ಕಲಸಿ ‘ಎಕ್ಸೆಲ್ ಬದಲಿಸಬೇಕು’ ಎನ್ನುವ ಗ್ಯಾರೇಜಿನಿಂದ ನಮಸ್ಕಾರ ಹೇಳಿ ಹೊರಬನ್ನಿರಿ.

ಬೂಟು ಮಾತ್ರ ಹರಿದಿದ್ದು ಸದ್ದಿಲ್ಲದಿದ್ದರೆ ನಿಮ್ಮ ಭಾಗ್ಯ. ಜಾಯಿಂಟನ್ನು ಬಿಚ್ಚಿ ತೊಳೆದು, ಕಾಲುವೆಗಳಲ್ಲಿ ಕಚ್ಚು ಬಿದ್ದಿದೆಯೇ ನೋಡಿ, ಹೊಸ ಗ್ರೀಸು ತುಂಬಿ ಹೊಸ ಬೂಟು ಹಾಕಿಸಿದರೆ ಸಾಕು. ಗ್ರೀಸು ಮಾತ್ರ ಮಾಲಿಬ್ಡಿನಮ್ ಸೇರಿದ ಕರಿಯದೇ ಆಗಿರಲಿ, ಡಬ್ಬಿಯಲ್ಲಿ ಉಳಿದುದನ್ನು ಬಳಿಯಲು ಬಿಡಬೇಡಿರಿ. ಕ್ಲಿಪ್ಪಿಗೆ ಬದಲು ತಂತಿ ಸುತ್ತಲೂ ಬಿಡಬೇಡಿರಿ. ಶಾಫ್ಟು ಎಳೆದಾಗ ಗೇರಿನ ಎಣ್ಣೆ ಇಳಿದಿರುತ್ತದೆ, ತುಂಬಿಸಿದರೋ ಎಂದು ಕೇಳಿರಿ. ಬರಿಯ ಜಾಕಿನ ಆಧಾರದ ಮೇಲೆ ನಿಂತ ಕಾರಿನಡಿಗೆ ಯಾರೂ ತಲೆ ಹಾಕಕೂಡದು.

ಸದ್ದು ಬಂದ ಮೇಲೆ ಗ್ರೀಸಿನಿಂದ ಗುಣವಿಲ್ಲ; ಸವೆದ ಉಕ್ಕು ಮರಳಿ ಬಾರದು. ಜಾಯಿಂಟನ್ನೇ ಬದಲಿಸಬೇಕು. ಎಡದ್ದನ್ನು ಬಲಕ್ಕೂ ಬಲದ್ದನ್ನು ಎಡಕ್ಕೂ ಹಾಕಿ ಸವೆಯದ ಮಗ್ಗುಲಿನ ಮೇಲೆ ಭಾರ ಬರುವಂತೆ ಮಾಡುವ ಚಾತುರ್ಯವೊಂದುಂಟು. ಸದ್ದು ಕೆಲಕಾಲ ಅಡಗುತ್ತದೆ; ಘಾಟಿಗೆ ಹೋಗುವವರು ಇದನ್ನು ನಂಬಕೂಡದೆಂದು ನನ್ನ ಅಭಿಪ್ರಾಯ. ಹೊಸದು ದುಬಾರಿಯಾದರೆ ಕುರ್ಲಾದ ಸಿ.ಎಸ್.ಟಿ. ರಸ್ತೆಯಲ್ಲಿ ಹಳೆಯ ಕಾರುಗಳಿಂದ ಕಳಚಿದ ಶಾಫ್ಟುಗಳು ಸಿಕ್ಕುತ್ತವೆ. ಜಾಯಿಂಟನ್ನು ಎಲ್ಲ ಬದಿಗೂ ಬಾಗಿಸಿ ತಿರುಗಿಸಿ ನೋಡಿರಿ. ಎಲ್ಲಿಯೂ ಕಚ್ಚಬಾರದು, ಲೊಡಲೊಡ ಆಡಬಾರದು. ಎಡಬಲದ ಉದ್ದ ಬೇರೆಯಾಗಿರುವುದರಿಂದ ಹಳೆಯದನ್ನು ಕೈಯಲ್ಲಿಯೇ ಒಯ್ಯುವುದು ಲೇಸು. 15 ವರ್ಷ ತುಂಬಿ ನೋಂದಣಿ ನವೀಕರಣಕ್ಕೆ ಬಂದಿರುವ, ತಳವೂ ತುಕ್ಕು ತಿಂದ ಕಾರಾದರೆ ಅದಕ್ಕೆ ಹಣ ಸುರಿಯುವ ಮುನ್ನ ಮನೆಯವರೊಡನೆ ಒಮ್ಮೆ ಕುಳಿತು ಮಾತಾಡಿರಿ.

ಕಳೆದ ವಾರ ನಮ್ಮ ಹೋಟೆಲಿನ ಗಲ್ಲೆಯಲ್ಲಿ ಕುಳಿತುಕೊಳ್ಳುವ ತಮ್ಮನೊಬ್ಬನು ತನ್ನ ಆಲ್ಟೋದಲ್ಲಿ ಕುಂದಾಪುರಕ್ಕೆ ಹೊರಡುವೆನೆಂದನು. ರಾತ್ರಿ ಹೋಟೆಲು ಮುಚ್ಚಿದ ಮೇಲೆ ಚಕ್ರಗಳನ್ನು ಪೂರಾ ಹೊರಳಿಸಿ ಟಾರ್ಚು ಹಿಡಿದು ಇಬ್ಬರೂ ಬಗ್ಗಿ ನೋಡಿದೆವು. ಬಲದ ಬೂಟು ಸರಿಯಾಗಿತ್ತು. ಎಡದ್ದರಲ್ಲಿ ಬೆರಳುದ್ದದ ಬಿರುಕು, ಗ್ರೀಸು ಇನ್ನೂ ಒಳಗಿತ್ತು. “ಊರಿಂದ ಬಂದು ಹಾಕಿಸುತ್ತೇನೆ ಅಣ್ಣಾ” ಎಂದನು. ಮರುದಿನ ಬೆಳಿಗ್ಗೆ ನಾನೇ ಕಾರನ್ನು ಗ್ಯಾರೇಜಿಗೆ ಬಿಟ್ಟುಬಂದೆನು. ಗುರುವಾರ ಹೊರಟಿದ್ದಾನೆ, ಡಿಕ್ಕಿಯಲ್ಲಿ ಎರಡು ಕಲ್ಲುಗಳನ್ನೂ ಇಡಿಸಿದ್ದೇನೆ.