ನಿಮಗಿದು ಗೊತ್ತೆ? ಕಾದಂಬರಿ ಬರೆಸಿದ ಕಾಲ್ಬೆರಳ ಗುರುತು

ಜಪಾನಿನ ಶುಸಾಕು ಎಂಡೊ 1966ರಲ್ಲಿ ಪ್ರಕಟಿಸಿದ ‘ಚಿನ್ಮೊಕು’ (ಮೌನ) ಕಾದಂಬರಿಯ ಬೀಜ ಸಿಕ್ಕಿದ್ದು ನಾಗಸಾಕಿಯಲ್ಲಿ, ಒಂದು ಹಳೆಯ ‘ಫುಮಿ-ಎ’ ಎದುರು. ಮರದ ಚೌಕಟ್ಟಿನಲ್ಲಿ ಕೂರಿಸಿದ ಪವಿತ್ರ ಚಿತ್ರವದು. ಕ್ರೈಸ್ತಮತಕ್ಕೆ ನಿಷೇಧವಿದ್ದ ಕಾಲದಲ್ಲಿ, ತಾವು ಕ್ರೈಸ್ತರಲ್ಲ ಎಂದು ತೋರಿಸಲು ಜನ ಅದನ್ನು ತುಳಿಯಬೇಕಿತ್ತು. ಮರದ ಮೇಲುಳಿದ ಕಪ್ಪು ಕಾಲ್ಬೆರಳ ಗುರುತುಗಳು ಎಂಡೊ ಅವರನ್ನು ಬಿಡದೆ ಕಾಡಿದವು. ತುಳಿದವರು ಯಾರು? ಆ ಗಳಿಗೆಯಲ್ಲಿ ಅವರ ಮನಸ್ಸಿನಲ್ಲಿ ಏನಿತ್ತು? ಹುತಾತ್ಮರ ಬಗ್ಗೆ ಬರೆಯುವವರು ಬೇಕಾದಷ್ಟು; ಸೋತವರನ್ನು ಕೇಳುವವರಾರು!

ಕಥಾನಾಯಕ ರೊಡ್ರಿಗಸ್‌ಗೆ ಮಾದರಿ, 1643ರಲ್ಲಿ ಜಪಾನಿಗೆ ಬಂದ ಇಟಲಿಯ ಪಾದ್ರಿ ಜುಸೆಪ್ಪೆ ಕಿಯಾರಾ. ಸೆರೆಸಿಕ್ಕು, ಚಿತ್ರಹಿಂಸೆಗೆ ಮಣಿದು ಮತ ತೊರೆದ ಆತ, ಒಕಾಮೊಟೊ ಸಾನೆಮೊನ್ ಎಂಬ ಜಪಾನಿ ಹೆಸರಿನಲ್ಲಿ ಬಾಳಿ 1685ರಲ್ಲಿ ತೀರಿಕೊಂಡ. ಎಂಡೊ ಕೂಡ ಮತಾಂತರಗೊಂಡವರೇ, ಆದರೆ ಕ್ರೈಸ್ತಮತಕ್ಕೆ; ಬಾಲ್ಯದಲ್ಲೇ ದೀಕ್ಷಾಸ್ನಾನ ಪಡೆದಿದ್ದರು.