ಖರ್ಜೂರದ ಡಬ್ಬಿಯಲ್ಲಿ ಯುದ್ಧದ ಚರಿತ್ರೆ

ಲಂಡನ್ನಿನ ಟ್ರಫಾಲ್ಗರ್ ಚೌಕದ ಮೂಲೆಗಳಲ್ಲಿ ನಾಲ್ಕು ಪೀಠಗಳಿವೆ. ಒಂದರ ಮೇಲೆ ದೊರೆ ನಾಲ್ಕನೆಯ ಜಾರ್ಜ್. ಇನ್ನೆರಡರ ಮೇಲೆ ಸಿಂಧ್ ಪ್ರಾಂತವನ್ನು ಗೆದ್ದ ನೇಪಿಯರ್ ಮತ್ತು 1857ರ ದಂಗೆಯನ್ನು ಹತ್ತಿಕ್ಕಲು ಹೋರಾಡಿದ ಹ್ಯಾವ್‌ಲಾಕ್. ಬಹುಕಾಲ ಬರಿದಾಗಿದ್ದ ನಾಲ್ಕನೆಯ ಪೀಠದ ಮೇಲೆ ಈಗ ಸರದಿಯಂತೆ ಸಮಕಾಲೀನ ಕಲಾಕೃತಿಗಳು ನಿಲ್ಲುತ್ತವೆ. 2018ರ ಮಾರ್ಚ್ ತಿಂಗಳಲ್ಲಿ ಆ ದಂಡನಾಯಕರ ನಡುವೆ ಬಂದು ನಿಂತದ್ದು ಮನುಷ್ಯನ ಮುಖ, ಗೂಳಿಯ ಮೈ, ಹಕ್ಕಿಯ ರೆಕ್ಕೆಗಳುಳ್ಳ ಲಮಾಸ್ಸು: ಪ್ರಾಚೀನ ಅಸ್ಸೀರಿಯದ ದ್ವಾರಪಾಲಕ. ಇರಾಕಿನ ನಿನೆವೆ ನಗರದ ನೆರ್ಗಲ್ ದ್ವಾರದಲ್ಲಿ ಕ್ರಿ.ಪೂ. 700ರ ಸುಮಾರಿನಿಂದ ನಿಂತಿದ್ದ ಮೂಲಶಿಲ್ಪವನ್ನು ಐಸಿಸ್ ಉಗ್ರರು 2015ರಲ್ಲಿ ಒಡೆದುಹಾಕಿದ್ದರು. ಲಂಡನ್ನಿನಲ್ಲಿ ನಿಂತದ್ದು ಕಲ್ಲಿನದಲ್ಲ. 10,500 ಖಾಲಿ ಖರ್ಜೂರಪಾಕದ ಡಬ್ಬಿಗಳ ತಗಡಿನಿಂದ ಕಟ್ಟಿದ್ದು.

ಇದರ ಕರ್ತೃ ಅಮೆರಿಕದ ಮೈಕೆಲ್ ರಕೋವಿಟ್ಸ್. ಇವನ ತಾಯಿಯ ತಂದೆತಾಯಿಗಳು 1940ರ ದಶಕದಲ್ಲಿ ಇರಾಕನ್ನು ತೊರೆದ ಯೆಹೂದಿಗಳು. ಇವನು ನೆಚ್ಚಿರುವುದು ಪರಿಕಲ್ಪನಾ ಕಲೆಯ ಮಾರ್ಗವನ್ನು. ಇಲ್ಲಿ ಕೈಯ ಕುಶಲತೆಗಿಂತ ವಿಚಾರಕ್ಕೆ ಮೊದಲ ಸ್ಥಾನ. ಸಂಶೋಧನೆಯು ಕೃತಿರಚನೆಗೆ ಮುನ್ನ ಮಾಡಿ ಮುಗಿಸುವ ಸಿದ್ಧತೆಯಲ್ಲ, ಕೃತಿಯ ಒಡಲೇ ಆಗಿರುತ್ತದೆ.

2003ರ ಏಪ್ರಿಲ್‌ನಲ್ಲಿ ಅಮೆರಿಕದ ಸೇನೆ ಬಾಗ್ದಾದನ್ನು ಹೊಕ್ಕಿತು. ತೈಲ ಸಚಿವಾಲಯಕ್ಕೆ ಕಾವಲು ಬಿತ್ತು. ರಾಷ್ಟ್ರೀಯ ವಸ್ತುಸಂಗ್ರಹಾಲಯಕ್ಕೆ ಬೀಳಲಿಲ್ಲ. ಕೆಲವೇ ದಿನಗಳಲ್ಲಿ ಸುಮಾರು 15,000 ವಸ್ತುಗಳು ಲೂಟಿಯಾದವು. ಷಿಕಾಗೋ ವಿಶ್ವವಿದ್ಯಾಲಯದ ವಿದ್ವಾಂಸರು ಕಳೆದುಹೋದವುಗಳ ಪಟ್ಟಿಯನ್ನು ಸಿದ್ಧಪಡಿಸಿದರು. ಆ ಪಟ್ಟಿಯನ್ನೇ ಆಧರಿಸಿ ರಕೋವಿಟ್ಸ್ 2007ರಿಂದ ಒಂದೊಂದೇ ವಸ್ತುವನ್ನು ಅದರ ನಿಜಗಾತ್ರದಲ್ಲಿ ಮರುರೂಪಿಸುತ್ತ ಬಂದಿದ್ದಾನೆ. ಬಳಸುವುದು ಪಶ್ಚಿಮ ಏಷ್ಯಾದ ತಿನಿಸುಗಳ ಪೊಟ್ಟಣ ಮತ್ತು ಅರಬ್ಬೀ ಪತ್ರಿಕೆಗಳ ಕಾಗದ. ಪ್ರತಿಯೊಂದರ ಪಕ್ಕದಲ್ಲೂ ಮೂಲವಸ್ತುವಿನ ಸಂಗ್ರಹಾಲಯ ಸಂಖ್ಯೆಯುಳ್ಳ ಚೀಟಿ. ಅದರಲ್ಲಿ ಪುರಾತತ್ತ್ವಜ್ಞರ, ಸೈನಿಕರ ಮಾತುಗಳೂ ಉಂಟು. ಈ ಕೃತಿಮಾಲೆಯ ಹೆಸರನ್ನು ಕನ್ನಡದಲ್ಲಿ ‘ಕಾಣದ ಶತ್ರು ಇರಬಾರದು’ ಎನ್ನಬಹುದು. ಪ್ರಾಚೀನ ಬ್ಯಾಬಿಲೋನಿನ ಮೆರವಣಿಗೆಯ ಬೀದಿಗಿದ್ದ ಹೆಸರಿನ ಅರ್ಥವೇ ಇದು. ಆ ಬೀದಿ ಹಾದುಹೋಗುತ್ತಿದ್ದ ಇಷ್ಟಾರ್ ದ್ವಾರ ಇಂದು ಬರ್ಲಿನ್ನಿನಲ್ಲಿದೆ. ಲೂಟಿಯ ಕತೆ 2003ಕ್ಕೆ ಆರಂಭವಾದದ್ದಲ್ಲವೆಂಬುದನ್ನು ಹೆಸರೊಂದೇ ಸೂಚಿಸುತ್ತದೆ.

ಆದರೆ ಖರ್ಜೂರದ ಡಬ್ಬಿಯೇ ಏಕೆ? ನ್ಯೂಯಾರ್ಕಿನ ಬ್ರೂಕ್ಲಿನ್‌ನ ಅಂಗಡಿಯೊಂದರಲ್ಲಿ ಅವನಿಗೆ ಸಿಕ್ಕ ಖರ್ಜೂರಪಾಕದ ಡಬ್ಬಿಯ ಮೇಲೆ ‘ಲೆಬನಾನ್’ ಎಂದು ಮುದ್ರಿತವಾಗಿತ್ತು. ಒಳಗಿದ್ದದ್ದು ಬಾಗ್ದಾದಿನ ಪಾಕ. ಇರಾಕಿನ ಮೇಲಿದ್ದ ವಾಣಿಜ್ಯ ದಿಗ್ಬಂಧನವನ್ನು ದಾಟಲು ಅದು ಸಿರಿಯಕ್ಕೆ ಹೋಗಿ ಡಬ್ಬಿ ಸೇರಿ, ಲೆಬನಾನಿನಲ್ಲಿ ಹೊಸ ಗುರುತು ಪಡೆದು ಬರುತ್ತಿತ್ತು. 2006ರಲ್ಲಿ ರಕೋವಿಟ್ಸ್ ತನ್ನ ಅಜ್ಜನ ಆಮದು-ರಫ್ತು ವ್ಯಾಪಾರವನ್ನು ಬ್ರೂಕ್ಲಿನ್‌ನಲ್ಲಿ ಮತ್ತೆ ತೆರೆದು, ಇರಾಕಿನ ಹೆಸರಿನಲ್ಲಿಯೇ ಖರ್ಜೂರ ತರಿಸಲು ಹೊರಟ. ದಿಗ್ಬಂಧನ ಆಗಲೇ ತೆರವಾಗಿತ್ತು. ಆದರೂ ಮೊದಲ ಸರಕು ನಿರಾಶ್ರಿತರೊಂದಿಗೆ ಗಡಿಯಲ್ಲಿ ಕಾದು ದಾರಿಯಲ್ಲೇ ಕೆಟ್ಟುಹೋಯಿತು; ಕೊನೆಗೆ ತಲುಪಿದ್ದು ಕೆಲವೇ ಪೆಟ್ಟಿಗೆ. ಅಂಗಡಿಗೆ ಬಂದವರು ವ್ಯಾಪಾರಕ್ಕಿಂತ ಹೆಚ್ಚಾಗಿ ಆ ಸರಕಿನ ಪಾಡನ್ನೇ ವಿಚಾರಿಸುತ್ತಿದ್ದರು. 1970ರ ದಶಕದಲ್ಲಿ ಇರಾಕಿನಲ್ಲಿ ಸುಮಾರು 3 ಕೋಟಿ ಖರ್ಜೂರದ ಮರಗಳಿದ್ದವೆಂದೂ ಯುದ್ಧಗಳ ಬಳಿಕ 30 ಲಕ್ಷದಷ್ಟು ಮಾತ್ರ ಉಳಿದವೆಂದೂ ಅವನ ಲೆಕ್ಕ.

ಕಾವ್ಯಮೀಮಾಂಸೆಯನ್ನು ಓದುವವರಿಗೆ ಇಲ್ಲಿ ಧ್ವನಿಯ ವಿಚಾರ ನೆನಪಾಗದಿರದು. ವಾಚ್ಯದಲ್ಲಿ ಅದೊಂದು ಲಮಾಸ್ಸು. ತಗಡಿನ ಮೇಲಿನ ಅಕ್ಷರ, ಬಣ್ಣಗಳನ್ನು ಓದತೊಡಗಿದಾಗ ದಿಗ್ಬಂಧನ, ಬರಿದಾದ ತೋಟ, ಹೆಸರು ಮರೆಸಿಕೊಂಡು ಗಡಿ ದಾಟಿದ ಜನ ಒಂದೊಂದಾಗಿ ವ್ಯಂಗ್ಯವಾಗಿ ಹೊರಡುತ್ತವೆ. ಶಿಲ್ಪವನ್ನು ಅಮೃತಶಿಲೆಯಲ್ಲಿ ಕಡೆದಿದ್ದರೆ ಈ ಅರ್ಥಗಳಿಗೆ ಎಡೆಯಿರುತ್ತಿರಲಿಲ್ಲ; ನಷ್ಟ ತುಂಬಿತೆಂಬ ಸುಳ್ಳು ಸಮಾಧಾನವಷ್ಟೇ ಉಳಿಯುತ್ತಿತ್ತು.

ಜನ ಸತ್ತಿರುವಾಗ ವಸ್ತುಗಳಿಗೆ ಅಳುವುದೇ ಎಂಬ ಆಕ್ಷೇಪಕ್ಕೆ ಎಡೆಯಿದ್ದೇ ಇದೆ, ಮತ್ತು ಅದು ಹಗುರವಾದುದಲ್ಲ. ರಕೋವಿಟ್ಸ್ ತನ್ನ ಪ್ರತಿಕೃತಿಗಳನ್ನು ಪ್ರೇತಗಳೆಂದೇ ಕರೆಯುತ್ತಾನೆ. ಮಡಿದವರನ್ನು ಮತ್ತೆ ಕಟ್ಟಲಾಗದೆಂಬ ಅರಿವು ಆ ಹೆಸರಿನಲ್ಲಿಯೇ ಇದೆ. ಈವರೆಗೆ ಸಿದ್ಧವಾದವು ನೂರಾರು. ಪಟ್ಟಿಯಲ್ಲಿ ಉಳಿದಿರುವವು ಸಾವಿರಾರು.